ಫರ್ನೇಸ್ ಟ್ಯೂನ್‌ಅಪ್: ಕೂಪನ್ ಕಂಪನಿಗೆ ಒಂದೂವರೆ, ಅಪ್ಪ-ಮಗನ ಕಂಪನಿಗೆ ನಾಲ್ಕೂವರೆ

ಮೊದಲು ರೇಟಿಂಗ್ ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅಷ್ಟು ಸಾಕು. ಫರ್ನೇಸ್ ಅಂದರೆ ಗ್ಯಾಸ್ ಉರಿಸಿ ಮನೆಯಿಡೀ ಬಿಸಿಗಾಳಿ ಕಳಿಸುವ ಯಂತ್ರ, ಟ್ಯೂನ್‌ಅಪ್ ಅಂದರೆ ಅದರ ವಾರ್ಷಿಕ ಸರ್ವೀಸ್. ಟಪಾಲಿನಲ್ಲಿ ಬಣ್ಣಬಣ್ಣದ ಕೂಪನ್ ಕಳಿಸುವ ದೊಡ್ಡ ಕಂಪನಿಯ ಫರ್ನೇಸ್ ಟ್ಯೂನ್‌ಅಪ್‌ಗೆ ಐದರಲ್ಲಿ ಒಂದೂವರೆ. ನಮ್ಮ ಪಕ್ಕದ ಊರಿನಲ್ಲಿ ಅಪ್ಪ-ಮಗ ಸೇರಿ ನಡೆಸುವ ಸಣ್ಣ ಕಂಪನಿಗೆ ನಾಲ್ಕೂವರೆ. ಇಬ್ಬರ ಹೆಸರೂ ಹಾಕುತ್ತಿಲ್ಲ. ಮೊದಲನೆಯವರ ಹೆಸರು ಹಾಕಿದರೆ ಸುಮ್ನೆ ತಲೆನೋವು, ಎರಡನೆಯವರ ಹೆಸರು ಹಾಕಿದರೆ ಮುಂದಿನ ಸಲ ನನಗೇ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಹೆಸರಿಗಿಂತ, ಬಂದವನು ಏನು ಮಾಡಿದರೆ ಕೊಟ್ಟ ದುಡ್ಡು ದಂಡವಲ್ಲ ಅನ್ನುವುದು ಗೊತ್ತಿದ್ದರೆ ನೀವು ಮಿನಿಯಾಪೊಲಿಸ್‌ನಲ್ಲಿದ್ದರೂ ಟೊರಾಂಟೋದಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ.

ನಾವಿರುವುದು ಶಿಕಾಗೋದ ಪಶ್ಚಿಮಕ್ಕೆ, ಔರೋರಾ ಬಾಲಾಜಿ ದೇವಸ್ಥಾನದ ಕಡೆ. ಇಲ್ಲಿ ಅಕ್ಟೋಬರ್ ಕೊನೆಯಲ್ಲಿ ಶುರುವಾದ ಫರ್ನೇಸ್ ಏಪ್ರಿಲ್ ತನಕ ಓಡುತ್ತಲೇ ಇರುತ್ತದೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 23 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು, ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು ಮೈನಸ್ 31. ಅದೂ ದಾಖಲೆಯಲ್ಲ, 1985ರ ಜನವರಿ 20ರಂದು ಮೈನಸ್ 27 ಫ್ಯಾರನ್‌ಹೀಟ್ ತನಕ ಇಳಿದಿತ್ತು. ಅಂಥ ದಿನ ಫರ್ನೇಸ್ ಕೈಕೊಟ್ಟರೆ ಎರಡು ರಗ್ಗು ಹೊದ್ದು ಮಲಗಿದರಾಯಿತು ಅನ್ನುವ ಹಾಗಿಲ್ಲ. ಗೋಡೆಯೊಳಗಿನ ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯುತ್ತದೆ, ಆಮೇಲೆ ಫರ್ನೇಸ್ ರಿಪೇರಿಗಿಂತ ಹತ್ತು ಪಟ್ಟು ಖರ್ಚು.

ಊರಿನಿಂದ ಬಂದ ನಮ್ಮ ಮಾವನವರು ಮೊದಲ ಸಲ ಬೇಸ್‌ಮೆಂಟಿಗೆ ಇಳಿದು, "ಏನ್ ಅಳಿಯಂದಿರೇ, ಬೀರು ತಂದು ಇಲ್ಲಿಟ್ಟಿದ್ದೀರಿ?" ಅಂತ ಕೇಳಿದ್ದರು. ನೋಡಲು ಹಾಗೇ ಇದೆ, ತಗಡಿನ ಬೀರು. ಆದರೆ ಒಳಗೆ ನಡೆಯುವುದು ಸ್ವಲ್ಪ ಗೊತ್ತಿರಲಿ, ಯಾಕೆಂದರೆ ಸರ್ವೀಸಿಗೆ ಬಂದವನು ಏನು ನೋಡುತ್ತಿದ್ದಾನೆ, ಏನು ನೋಡದೆ ಬಿಟ್ಟ ಅನ್ನುವುದು ಆಗಲೇ ತಿಳಿಯುವುದು. ಮೇಲಿನ ಥರ್ಮೋಸ್ಟಾಟ್ "ಚಳಿ" ಅಂದ ತಕ್ಷಣ ಗ್ಯಾಸ್ ಹತ್ತುವುದಿಲ್ಲ. ಮೊದಲು ಇಂಡ್ಯೂಸರ್ ಅನ್ನುವ ಸಣ್ಣ ಫ್ಯಾನ್ ತಿರುಗಿ ಹೊಗೆ ಪೈಪಿನಲ್ಲಿ ಗಾಳಿ ಎಳೆಯುತ್ತದೆ. ಎಳೆತ ಸರಿಯಾಗಿದೆ ಅಂತ ಪ್ರೆಶರ್ ಸ್ವಿಚ್ ಒಪ್ಪಬೇಕು. ಆಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡಿದ್ದು ನಿಜವೇ ಅಂತ ಫ್ಲೇಮ್ ಸೆನ್ಸರ್ ಅನ್ನುವ ಒಂದು ಕಡ್ಡಿ ಉರಿಯೊಳಗೆ ನಿಂತು ಸಾಕ್ಷಿ ಹೇಳಬೇಕು. ಅದು ಕೆಲವೇ ಸೆಕೆಂಡಿನಲ್ಲಿ ಹೇಳದಿದ್ದರೆ ಗ್ಯಾಸ್ ಬಂದ್. ಹೇಳಿದರೆ, ಅರ್ಧ ನಿಮಿಷದಷ್ಟು ಹೊತ್ತು ಬಿಟ್ಟು ದೊಡ್ಡ ಬ್ಲೋವರ್ ಶುರುವಾಗಿ ಬಿಸಿಗಾಳಿ ಮನೆಗೆಲ್ಲ ಹೋಗುತ್ತದೆ. ಉರಿಯ ಹೊಗೆ ಹೀಟ್ ಎಕ್ಸ್‌ಚೇಂಜರ್ ಅನ್ನುವ ಲೋಹದ ಕೊಳವೆಗಳ ಒಳಗೆ ಹೋಗುತ್ತದೆ, ನಾವು ಉಸಿರಾಡುವ ಗಾಳಿ ಅದರ ಹೊರಗೆ. ಎರಡೂ ಎಂದೂ ಸೇರಬಾರದು.

ಈಗ ಕೂಪನ್ ಕಂಪನಿ ವಿಷಯ. 69 ಡಾಲರಿಗೆ ಇಪ್ಪತ್ತೊಂದು ಅಂಶಗಳ ತಪಾಸಣೆ ಅಂತ ಕೂಪನ್ನಿನಲ್ಲಿ ಇತ್ತು. ಹುಡುಗ ಹೇಳಿದ ಸಮಯಕ್ಕೆ ಬಂದ, ಬೂಟಿಗೆ ನೀಲಿ ಚೀಲ ಹಾಕಿಕೊಂಡ, ಮಾತು ಬಹಳ ನಯ. ಕೈಯಲ್ಲಿ ಟಾರ್ಚು, ಸಣ್ಣ ವ್ಯಾಕ್ಯೂಮ್, ಒಂದು ಟ್ಯಾಬ್ಲೆಟ್. ಅಷ್ಟೇ. ಗ್ಯಾಸಿನ ಒತ್ತಡ ಅಳೆಯುವ ಮೀಟರ್ ಇಲ್ಲ, ಹೊಗೆ ಪರೀಕ್ಷಿಸುವ ಅನಲೈಸರ್ ಇಲ್ಲ. ಬರ್ನರ್ ಜಾಗದ ಧೂಳು ಎಳೆದ, ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಹೊರಗೆ ತೆಗೆದು ನೋಡಿ ಹಾಗೇ ವಾಪಸ್ ಹಾಕಿದ, ಟ್ಯಾಬ್ಲೆಟ್‌ನಲ್ಲಿ ಇಪ್ಪತ್ತೊಂದು ಟಿಕ್ ಹಾಕಿದ. ಇಡೀ ಕೆಲಸ ಇಪ್ಪತ್ತು ನಿಮಿಷ ಇರಬಹುದು. ಆಮೇಲೆ ಧ್ವನಿ ತಗ್ಗಿಸಿ, ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಬಿರುಕು ಇರುವ ಹಾಗಿದೆ, ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ, ಕಾರ್ಬನ್ ಮೊನಾಕ್ಸೈಡ್ ವಿಷಯದಲ್ಲಿ ರಿಸ್ಕ್ ತಗೋಬೇಡಿ ಅಂತ ಶುರು ಮಾಡಿದ. ಹೊಸ ಫರ್ನೇಸಿಗೆ ಎಂಟು ಸಾವಿರ ಡಾಲರ್ ಹತ್ತಿರದ ಎಸ್ಟಿಮೇಟ್ ಅವನ ಟ್ಯಾಬ್ಲೆಟ್‌ನಲ್ಲಿ ಆಗಲೇ ಸಿದ್ಧವಾಗಿತ್ತು, ಇವತ್ತೇ ಸಹಿ ಮಾಡಿದರೆ ಐನೂರು ಕಡಿಮೆ.

ನಾನು ಕೇಳಿದ್ದು ಎರಡೇ ಪ್ರಶ್ನೆ. ಬಿರುಕಿನ ಫೋಟೋ ತೋರಿಸಿ, ಮತ್ತೆ ಸಿಒ, ಅಂದರೆ ಆ ಕಾರ್ಬನ್ ಮೊನಾಕ್ಸೈಡ್ ವಿಷಾನಿಲದ ರೀಡಿಂಗ್ ಎಷ್ಟು ಬಂತು ಹೇಳಿ. ಫೋಟೋ ಇಲ್ಲ, ರೀಡಿಂಗೂ ಇಲ್ಲ, "ಅನುಭವದಿಂದ ಹೇಳುತ್ತಿದ್ದೇನೆ" ಅಂದ. ಅವನ ವಯಸ್ಸು ನೋಡಿದರೆ ಅನುಭವ ಎಷ್ಟಿರಬಹುದು ಅಂತ ನೀವೇ ಊಹಿಸಿ. ಒಂದೂವರೆ ಕೊಟ್ಟಿದ್ದು ಯಾಕೆ ಅಂದರೆ, ಸಮಯಕ್ಕೆ ಬಂದಿದ್ದಕ್ಕೆ ಒಂದು, ಬೂಟಿನ ಚೀಲಕ್ಕೆ ಅರ್ಧ.

ಹಾಗಂತ ಬಿರುಕು ಬರುವುದೇ ಇಲ್ಲ ಅಂತ ತಿಳಿಯಬೇಡಿ. ಬರುತ್ತದೆ, ಬಂದರೆ ಅಪಾಯವೇ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಲೋಹ ದಣಿಯುತ್ತದೆ, ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ ಇನ್ನೂ ಬೇಗ. ಬ್ಲೋವರ್ ಶುರುವಾದ ಕ್ಷಣದಲ್ಲಿ ಬರ್ನರಿನ ಉರಿ ಅಲ್ಲಾಡಿ ಒಂದು ಕಡೆ ವಾಲಿದರೆ, ನೀಲಿಯಾಗಿದ್ದ ಉರಿ ಹಳದಿಯಾದರೆ, ಒಳಗೆ ಮಸಿ ಕೂತಿದ್ದರೆ ಅನುಮಾನ ಪಡಬೇಕು. ಗ್ಯಾಸ್ ಕಂಪನಿಯವರೋ ಟೆಕ್ನಿಷಿಯನ್ನೋ ರೀಡಿಂಗ್ ತೋರಿಸಿ, "ಅಪಾಯ, ಬಳಸಬೇಡಿ" ಅನ್ನುವ ಕೆಂಪು ಟ್ಯಾಗ್ ಹಾಕಿ ಗ್ಯಾಸ್ ಬಂದ್ ಮಾಡಿದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಟ್ಯಾಗ್ ಕಿತ್ತು ಮತ್ತೆ ಹಚ್ಚಲೂಬೇಡಿ. ಬೇರೆಯವರನ್ನು ಕರೆಸಿ ಇನ್ನೊಂದು ಸಲ ನೋಡಿಸಿ. ಹೆದರಿಸುವುದಕ್ಕೂ ಎಚ್ಚರಿಸುವುದಕ್ಕೂ ಇರುವ ವ್ಯತ್ಯಾಸ ಒಂದು ಮೀಟರ್, ಒಂದು ಫೋಟೋ.

ಮಾರನೇ ವಾರ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕ ಪರಿಚಯದವರು ಅಪ್ಪ-ಮಗನ ಕಂಪನಿಯ ನಂಬರ್ ಕೊಟ್ಟರು. ಫೋನ್ ಮಾಡಿ ನಾನು ಮೊದಲೇ ಕೇಳಿದೆ, ಹೊಗೆ ಪರೀಕ್ಷಿಸುವ ಕಂಬಶ್ಚನ್ ಅನಲೈಸರ್ ತರುತ್ತೀರಾ ಅಂತ. "ಅದಿಲ್ಲದೆ ಏನು ನೋಡುವುದು?" ಅಂತ ಅಪ್ಪ ತಿರುಗಿ ಕೇಳಿದರು. ಅಲ್ಲಿಗೇ ಅರ್ಧ ಮನಸ್ಸು ಒಪ್ಪಿತು. ಚಾರ್ಜು 180 ಡಾಲರ್, ಕೂಪನ್ ಗೀಪನ್ ಏನೂ ಇಲ್ಲ.

ಬಂದಿದ್ದು ಮಗ. ಮೊದಲು ಅವನು ಫರ್ನೇಸಿನ ಬಾಗಿಲು ಕೂಡ ಬಿಚ್ಚಲಿಲ್ಲ, ಥರ್ಮೋಸ್ಟಾಟ್ ಏರಿಸಿ ಬಾ ಅಂತ ನನ್ನನ್ನು ಮೇಲೆ ಕಳಿಸಿ, ಫರ್ನೇಸ್ ಮುಂದೆ ನಿಂತು ಸುಮ್ನೆ ಕೇಳಿಸಿಕೊಂಡ. ಇಂಡ್ಯೂಸರ್ ಶಬ್ದ, ಹೊತ್ತಿಕೊಳ್ಳುವ ಶಬ್ದ, ಬ್ಲೋವರ್. ಹೊತ್ತಿಕೊಳ್ಳುವಾಗ ಒಂದು ಮೆಲ್ಲನೆ "ಭುಸ್" ಬರಬೇಕಂತೆ, "ಧಬ್" ಅಂದರೆ ಗ್ಯಾಸ್ ತಡವಾಗಿ ಹತ್ತುತ್ತಿದೆ, ಬರ್ನರ್ ಕೊಳೆಯಾಗಿದೆ ಅಂತ ಲೆಕ್ಕ. ಆಮೇಲೆ ಹೊಗೆ ಪೈಪಿಗೆ ಅನಲೈಸರ್ ಕಡ್ಡಿ ತೂರಿಸಿ ಆಕ್ಸಿಜನ್ ಎಷ್ಟು, ಸಿಒ ಎಷ್ಟು ಅಂತ ನೋಡಿ ನನಗೂ ತೋರಿಸಿದ. ಗ್ಯಾಸ್ ವಾಲ್ವಿಗೆ ಮೀಟರ್ ಹಚ್ಚಿ ಒತ್ತಡ ನೋಡಿದ, ಇಲ್ಲಿ ಪೈಪಿನಲ್ಲಿ ಬರುವ ನ್ಯಾಚುರಲ್ ಗ್ಯಾಸಿಗೆ ಸಾಮಾನ್ಯವಾಗಿ 3.5 ಇಂಚು ನೀರಿನ ಕಂಬದಷ್ಟು (ಗ್ಯಾಸಿನ ಒತ್ತಡ ಅಳೆಯುವ ಲೆಕ್ಕ ಇದು) ಇರಬೇಕು. ಮನೆಯಿಂದ ಫರ್ನೇಸಿಗೆ ವಾಪಸ್ ಬರುವ ಗಾಳಿಗೂ ಫರ್ನೇಸಿನಿಂದ ಮನೆಗೆ ಹೋಗುವ ಬಿಸಿಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಅಳೆದು ಫರ್ನೇಸಿನ ಒಳಗಿನ ಲೇಬಲ್ ಜೊತೆ ಹೋಲಿಸಿದ. ಆ ಲೇಬಲ್‌ನಲ್ಲಿ ಇಂತಿಷ್ಟರಿಂದ ಇಂತಿಷ್ಟು ಅಂತ ಬರೆದಿರುತ್ತದೆ, ಅದಕ್ಕಿಂತ ಜಾಸ್ತಿ ಬಂದರೆ ಗಾಳಿ ಸಾಲದೆ ಒಳಗೆ ಕುದಿಯುತ್ತಿದೆ ಅಂತ. ನಮ್ಮದು ಮೇಲಿನ ಅಂಚಿನಲ್ಲಿತ್ತು. ಕಾರಣ ಫಿಲ್ಟರ್. ಕೂಪನ್ ಹುಡುಗ ನೋಡಿ ವಾಪಸ್ ಹಾಕಿದ್ದ ಅದೇ ಫಿಲ್ಟರ್!

ಫ್ಲೇಮ್ ಸೆನ್ಸರ್ ಬಿಚ್ಚಿ ತೋರಿಸಿದಾಗ ಅದರ ಮೇಲೆ ಬೂದಿ ಬಣ್ಣದ ತೆಳು ಪದರ ಕೂತಿತ್ತು. ಅದು ಕೂತರೆ ಉರಿ ಚೆನ್ನಾಗಿದ್ದರೂ ಸೆನ್ಸರಿಗೆ ಕಾಣುವುದಿಲ್ಲ, ಫರ್ನೇಸ್ ಹೊತ್ತಿ ಹೊತ್ತಿ ಆರುತ್ತದೆ, ಕೆಲವು ಸಲ ಪ್ರಯತ್ನಿಸಿ ಲಾಕ್ ಆಗಿಬಿಡುತ್ತದೆ. ಜನವರಿ ರಾತ್ರಿ ಎಮರ್ಜೆನ್ಸಿ ಕರೆ ಮಾಡುವವರಲ್ಲಿ ಬಹಳ ಜನರದ್ದು ಇದೇ ಕಥೆ ಅಂತ ಅವನು ಹೇಳಿದ. ನಯವಾದ ಸ್ಟೀಲ್ ವುಲ್‌ನಿಂದ ಉಜ್ಜಿ ಒರೆಸಿ ಹಾಕಿದ, ಎರಡು ನಿಮಿಷದ ಕೆಲಸ. ಸೆನ್ಸರ್ ಕೊಡುವ ವಿದ್ಯುತ್ತಿನ ಮೈಕ್ರೋಆಂಪ್ ರೀಡಿಂಗ್ ಮೊದಲು ಒಂದರ ಆಸುಪಾಸು ಇದ್ದದ್ದು ಉಜ್ಜಿದ ಮೇಲೆ ಮೂರು ದಾಟಿತು. ಇನ್ನು ಆ ಭಯಂಕರ ಬಿರುಕು? ಸಣ್ಣ ಕ್ಯಾಮೆರಾ ತೂರಿಸಿ ಕೊಳವೆ ಕೊಳವೆ ತೋರಿಸಿದ. ಮೇಲಿನ ಬೆಸುಗೆಯ ಗೆರೆ ಬಿಟ್ಟರೆ ಏನೂ ಇಲ್ಲ. ಬ್ಲೋವರ್ ಓಡುವಾಗ ಉರಿ ಅಲ್ಲಾಡಲಿಲ್ಲ, ಮನೆಗೆ ಬರುವ ಗಾಳಿಯಲ್ಲಿ ಸಿಒ ಸೊನ್ನೆ.

ಒಟ್ಟು ಒಂದೂಕಾಲು ಗಂಟೆ. ಹೋಗುವಾಗ ಎಲ್ಲ ರೀಡಿಂಗನ್ನೂ ಒಂದು ಕಾರ್ಡಿನ ಮೇಲೆ ಬರೆದು ಫರ್ನೇಸಿಗೇ ಅಂಟಿಸಿದ, ಮುಂದಿನ ವರ್ಷ ಹೋಲಿಸಲು. ನಾನು ನಾಲ್ಕೂವರೆ ಕೊಟ್ಟಿದ್ದಕ್ಕೆ ಮುಖ್ಯ ಕಾರಣ ಈ ಕಾರ್ಡು. ಸಂಖ್ಯೆ ಇದ್ದರೆ ಯಾರೂ ನನ್ನನ್ನು ಕಥೆ ಹೇಳಿ ಹೆದರಿಸಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೀಟರ್ ಬೇಕಾದ ಕೆಲಸಕ್ಕೆ ಮಾತ್ರ ದುಡ್ಡು ಕೊಡಿ, ಉಳಿದಿದ್ದು ನಿಮ್ಮ ಕೈಯಲ್ಲೇ ಇದೆ. ಫಿಲ್ಟರ್ ಬದಲಿಸಲು ಯಾರನ್ನೂ ಕರೆಯಬೇಕಿಲ್ಲ. ಫರ್ನೇಸ್ ಬಂದ್ ಮಾಡಿ, ಹಳೆಯದು ಎಳೆದು, ಹೊಸದರ ಚೌಕಟ್ಟಿನ ಮೇಲಿನ ಬಾಣ ಫರ್ನೇಸ್ ಕಡೆ ಇರುವ ಹಾಗೆ ತೂರಿಸಿದರೆ ಮುಗಿಯಿತು. ಒಂದು ಇಂಚಿನದಾದರೆ ಒಂದರಿಂದ ಮೂರು ತಿಂಗಳಿಗೊಮ್ಮೆ, ನಾಲ್ಕು ಇಂಚು ದಪ್ಪದ್ದಾದರೆ ಆರು ತಿಂಗಳಿಂದ ವರ್ಷದ ತನಕ ಬರುತ್ತದೆ. ನಮ್ಮ ಮನೆಗಳಲ್ಲಿ ದಿನಾ ಒಗ್ಗರಣೆ, ಊದುಬತ್ತಿ, ಸಾಂಬ್ರಾಣಿ ಇರುವುದರಿಂದ ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಬೇಗ ಕಪ್ಪಾಗುತ್ತದೆ, ಚಳಿಗಾಲದಲ್ಲಿ ನಾನು ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ. ಇನ್ನೊಂದು, ಅಂಗಡಿಯಲ್ಲಿ ಮರ್ವ್ 13 ಫಿಲ್ಟರ್ (ಮರ್ವ್ ಅಂದರೆ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಅನ್ನುವ ಅಂಕ) ನೋಡಿ ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ತರುವವರಿದ್ದಾರೆ. ಒಂದು ಇಂಚಿನ ಜಾಗಕ್ಕೆ ಅದು ಹಲವು ಫರ್ನೇಸ್‌ಗಳಿಗೆ ಉಸಿರು ಕಟ್ಟಿಸುತ್ತದೆ. ಮರ್ವ್ 8 ಅಥವಾ 11 ಸಾಕು. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ ದಪ್ಪ ಫಿಲ್ಟರ್ ಕೂರುವ ಪೆಟ್ಟಿಗೆ ಹಾಕಿಸಿಕೊಳ್ಳಿ.

ಖಾಲಿ ರೂಮಿನ ರಿಜಿಸ್ಟರ್, ಅಂದರೆ ಬಿಸಿಗಾಳಿ ಬರುವ ಜಾಲರಿ, ಮುಚ್ಚಿದರೆ ಗ್ಯಾಸ್ ಉಳಿಯುತ್ತದೆ ಅನ್ನುವ ಲೆಕ್ಕಾಚಾರವೂ ನಮ್ಮವರಲ್ಲಿ ಬಹಳ. ಉಳಿಯುವುದಿಲ್ಲ. ಉರಿ ಅಷ್ಟೇ ಇರುತ್ತದೆ, ಹೋಗುವ ದಾರಿ ಮಾತ್ರ ಕಡಿಮೆ, ಫರ್ನೇಸ್ ಒಳಗೆ ಬಿಸಿ ಏರಿ, ಅತಿಬಿಸಿ ತಡೆಯುವ ಲಿಮಿಟ್ ಸ್ವಿಚ್ ಉರಿ ಬಂದ್ ಮಾಡುತ್ತದೆ. ಗ್ಯಾಸ್ ಉಳಿಸಬೇಕಾದರೆ ಥರ್ಮೋಸ್ಟಾಟ್ ಇಳಿಸಿ. ದಿನಕ್ಕೆ ಎಂಟು ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇಕಡಾ 10ರ ತನಕ ಉಳಿಸಬಹುದು ಅನ್ನುತ್ತದೆ ಇಲ್ಲಿನ ಇಂಧನ ಇಲಾಖೆ. ಅಪ್ಪ-ಅಮ್ಮ ಊರಿನಿಂದ ಬಂದಿರುವಾಗ ಈ ಪ್ರಯೋಗ ಬೇಡ, ಅವರು ರಾತ್ರಿ ಎದ್ದು 78ಕ್ಕೆ ಏರಿಸಿರುತ್ತಾರೆ.

ಫರ್ನೇಸ್ ಸುತ್ತಮುತ್ತ ಜಾಗ ಬಿಡಿ. ಬೇಸ್‌ಮೆಂಟ್ ಅಂದರೆ ನಮಗೆ ಅಟ್ಟ ಇದ್ದ ಹಾಗೆ, ಸೂಟ್‌ಕೇಸು, ಹಳೇ ರಟ್ಟಿನ ಡಬ್ಬ, ಗೊಂಬೆ ಹಬ್ಬದ ಸಾಮಾನು ಎಲ್ಲ ಅದರ ಮೈಗೆ ಒತ್ತಿಕೊಂಡೇ ಇರುತ್ತದೆ. ಪೇಂಟ್, ಥಿನ್ನರ್, ಪೆಟ್ರೋಲ್ ಕ್ಯಾನ್ ಆ ಕೋಣೆಯಲ್ಲೇ ಇರಬಾರದು. ಬಟ್ಟೆ ಬ್ಲೀಚ್ ಕೂಡ ದೂರ ಇಡಿ, ಅದರ ಕ್ಲೋರಿನ್ ಆವಿ ಉರಿಯೊಳಗೆ ಹೋದರೆ ಹೀಟ್ ಎಕ್ಸ್‌ಚೇಂಜರ್ ತುಕ್ಕು ಹಿಡಿಯುತ್ತದೆ. ಬಿಳಿ ಪಿವಿಸಿ ಪೈಪ್ ಇರುವ ಫರ್ನೇಸ್ ಆದರೆ, ಅಂದರೆ 90ಕ್ಕಿಂತ ಜಾಸ್ತಿ ಶೇಕಡಾವಾರು ದಕ್ಷತೆಯದ್ದು, ಅದರಿಂದ ನೀರು ಹೊರಬರುತ್ತದೆ. ಆ ನೀರಿನ ಕೊಳವೆ ಕಟ್ಟಿಕೊಂಡರೂ ಫರ್ನೇಸ್ ನಿಲ್ಲುತ್ತದೆ. ಜೊತೆಗೆ ಅದರ ಹೊಗೆ ಪೈಪ್ ಮನೆಯ ಪಕ್ಕದ ಗೋಡೆಯಿಂದ ಹೊರಗೆ ಬರುವುದರಿಂದ, ಜೋರು ಹಿಮ ಬಿದ್ದ ಬೆಳಿಗ್ಗೆ ಡ್ರೈವ್‌ವೇ ಹಿಮ ಎತ್ತುವ ಮೊದಲು ಆ ಪೈಪ್ ಬಾಯಿ ಬಿಡಿಸಿ ಬನ್ನಿ.

ಫರ್ನೇಸ್ ನಿಂತುಹೋದರೆ ಫೋನ್ ಮಾಡುವ ಮೊದಲು ನೋಡಬೇಕಾದ್ದು ಥರ್ಮೋಸ್ಟಾಟ್ ಬ್ಯಾಟರಿ, ಫಿಲ್ಟರ್, ಬ್ರೇಕರ್, ಮತ್ತೆ ಫರ್ನೇಸ್ ಪಕ್ಕ ಲೈಟ್ ಸ್ವಿಚ್ಚಿನ ಹಾಗೇ ಕಾಣುವ ಒಂದು ಸ್ವಿಚ್. ಮಕ್ಕಳು ಲೈಟ್ ಅಂತ ಆರಿಸಿ ಹೋಗಿರುತ್ತಾರೆ, ಟೆಕ್ನಿಷಿಯನ್ ಬಂದು ಅದನ್ನು ಹಾಕಿ ನೂರೈವತ್ತು ಡಾಲರ್ ಬಿಲ್ ಕೊಡುತ್ತಾನೆ. ಫರ್ನೇಸ್ ಬಾಗಿಲ ಸಣ್ಣ ಗಾಜಿನೊಳಗೆ ಒಂದು ದೀಪ ಮಿಣುಕುತ್ತಿರುತ್ತದೆ, ಎಷ್ಟು ಸಲ ಮಿಣುಕುತ್ತದೆ ಅಂತ ಎಣಿಸಿ ಬಾಗಿಲ ಹಿಂದಿನ ಪಟ್ಟಿ ನೋಡಿದರೆ ರೋಗ ಯಾವುದು ಅಂತ ಸುಮಾರಾಗಿ ಗೊತ್ತಾಗುತ್ತದೆ. ಆದರೆ ಬಾಗಿಲ ಸುರಕ್ಷತಾ ಸ್ವಿಚ್ಚಿಗೆ ಟೇಪ್ ಹಚ್ಚಿ ಓಡಿಸುವುದು, ಪದೇಪದೇ ಬೀಳುವ ಲಿಮಿಟ್ ಅಥವಾ ರೋಲ್‌ಔಟ್ ಸ್ವಿಚ್ (ಉರಿ ಹೊರಗೆ ಚಾಚಿದರೆ ಬಂದ್ ಮಾಡುವುದು) ಒತ್ತಿ ಒತ್ತಿ ರೀಸೆಟ್ ಮಾಡುವುದು, ವಿಡಿಯೋ ನೋಡಿ ಗ್ಯಾಸ್ ವಾಲ್ವ್ ಬಿಚ್ಚುವುದು, ಇವು ಮಾತ್ರ ಬೇಡವೇ ಬೇಡ.

ಸಿಒ ಅಲಾರಂ ವಿಷಯಕ್ಕೆ ಬರುತ್ತೇನೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿ ಸತ್ತವರ ಸುದ್ದಿ ಓದಿರುತ್ತೀರಲ್ಲ, ಅದೇ ವಿಷ. ಅಮೆರಿಕದಲ್ಲಿ ಬೆಂಕಿ ಅನಾಹುತದ ಲೆಕ್ಕ ಬಿಟ್ಟು, ಆಕಸ್ಮಿಕವಾಗಿ ಇದರಿಂದ ಸಾಯುವವರೇ ವರ್ಷಕ್ಕೆ 400ಕ್ಕೂ ಹೆಚ್ಚು. ನಮ್ಮ ಇಲಿನಾಯ್ ರಾಜ್ಯದಲ್ಲಿ 2007ರ ಜನವರಿ 1ರಿಂದ ಕಾನೂನೇ ಇದೆ, ಮಲಗುವ ಪ್ರತಿ ಕೋಣೆಯಿಂದ 15 ಅಡಿಯೊಳಗೆ ಸಿಒ ಅಲಾರಂ ಇರಬೇಕು. ಇದರಲ್ಲಿ ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಾಮಾನ್ಯ ಅಲಾರಂ ಸ್ವಲ್ಪ ಸಿಒ ಇದ್ದ ತಕ್ಷಣ ಕೂಗುವುದಿಲ್ಲ. 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 70 ಭಾಗ ಸಿಒ) ಇದ್ದರೆ ಒಂದರಿಂದ ನಾಲ್ಕು ಗಂಟೆ ನೋಡಿ ಕೂಗುತ್ತದೆ, 400 ಇದ್ದರೆ 4ರಿಂದ 15 ನಿಮಿಷದಲ್ಲಿ. ಅದಕ್ಕೇ ಅಂಕಿ ತೋರಿಸುವ ಪರದೆ ಇರುವ ಅಲಾರಂ ತಗೊಳ್ಳಿ, ಸ್ವಲ್ಪ ಜಾಸ್ತಿ ಬೆಲೆ, ಆದರೆ ಅಂಕಿ ಏರುವುದು ಕಾಣುತ್ತದೆ. ಹಿಂದೆ ತಯಾರಾದ ತಾರೀಖು ನೋಡಿ, ಸಾಮಾನ್ಯವಾಗಿ ಐದರಿಂದ ಹತ್ತು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಬಟನ್ ಒತ್ತಿದರೆ ಪೀಂ ಅನ್ನುತ್ತದೆ ಅಂದ ಮಾತ್ರಕ್ಕೆ ಒಳಗಿನ ಸೆನ್ಸರ್ ಜೀವಂತ ಇದೆ ಅಂತಲ್ಲ. ಅಲಾರಂ ನಿಜವಾಗಿ ಕೂಗಿದರೆ, ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಹೊರಗೆ ಹೋಗಿ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಗ್ಯಾಸ್ ವಾಸನೆ ಬೇರೆ ವಿಷಯ, ಅದು ಉರಿಯದೆ ಸೋರುತ್ತಿರುವ ಗ್ಯಾಸ್. ಊರಿನ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಇಲ್ಲಿ ಪೈಪಿನಲ್ಲಿ ಬರುವುದು ಹಗುರ, ಮೇಲೆ ಏರಿ ಮನೆಯಿಡೀ ಹರಡುತ್ತದೆ. ಸ್ವಿಚ್ ಮುಟ್ಟಬೇಡಿ, ಒಳಗಿಂದ ಫೋನ್ ಮಾಡಬೇಡಿ, ಕಿಟಕಿ ತೆಗೆಯುತ್ತಾ ಓಡಾಡಬೇಡಿ. ಎಲ್ಲರೂ ಹೊರಗೆ ಬಂದು, ದೂರ ನಿಂತು ಗ್ಯಾಸ್ ಕಂಪನಿಗೆ ಅಥವಾ 911ಕ್ಕೆ ಹೇಳಿ. ಮಧ್ಯರಾತ್ರಿಯಾದರೂ ಬರುತ್ತಾರೆ.

ಎರಡೂ ಕಂಪನಿ ವಾರ್ಷಿಕ ಪ್ಲಾನ್ ಮಾರುತ್ತವೆ. ಕೂಪನ್‌ನವರದು ತಿಂಗಳಿಗೆ ಇಷ್ಟು ಅಂತ ಕಾರ್ಡಿನಿಂದ ಕಿತ್ತುಕೊಳ್ಳುವ ಮೆಂಬರ್‌ಶಿಪ್. ಒಳಗಿನ ಸಣ್ಣ ಅಕ್ಷರ ಓದಿದರೆ ಬಿಡಿಭಾಗ ಸೇರಿಲ್ಲ, ರಾತ್ರಿ ಕರೆಗೆ ಬೇರೆ ಚಾರ್ಜು. ಅಪ್ಪ-ಮಗನದು ಫರ್ನೇಸ್ ಮತ್ತು ಎಸಿ ಎರಡೂ ಸೇರಿ ವರ್ಷಕ್ಕೆರಡು ಭೇಟಿ, ಬಿಡಿಯಾಗಿ ಮಾಡಿಸುವುದಕ್ಕಿಂತ ಸ್ವಲ್ಪ ಕಡಿಮೆ. ಫರ್ನೇಸ್ ಹದಿನೈದು ವರ್ಷ ದಾಟಿದ್ದರೆ ಎರಡನೆಯದು ತಗೊಳ್ಳಬಹುದು. ಹೊಸದಿದ್ದರೆ ವರ್ಷಕ್ಕೊಮ್ಮೆ ಬಿಡಿಯಾಗಿ ಕರೆಸಿದರೆ ಸಾಕು, ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟೋ ತಯಾರಕರು ವಾರಂಟಿ ಕ್ಲೇಮ್ ಬಂದಾಗ ಸರ್ವೀಸ್ ಮಾಡಿಸಿದ ದಾಖಲೆ ಕೇಳುತ್ತಾರೆ.

ಇನ್ನು ಅಪ್ಪ-ಮಗನಿಗೆ ಅರ್ಧ ಅಂಕ ಕಡಿಮೆ ಯಾಕೆ? ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರ ನಡುವೆ ಬರುತ್ತೇವೆ ಅಂತಾರೆ, ಹನ್ನೆರಡೂ ಐವತ್ತಕ್ಕೆ ಬರುತ್ತಾರೆ. ಕ್ರೆಡಿಟ್ ಕಾರ್ಡಿಗೆ ಶೇಕಡಾ ಮೂರು ಜಾಸ್ತಿ, ಅದಕ್ಕೆ ಚೆಕ್ ಬರೆಯಬೇಕು, ಚೆಕ್ ಬುಕ್ ಎಲ್ಲಿದೆ ಅಂತ ಹುಡುಕಬೇಕು. ಹ್ಯುಮಿಡಿಫೈಯರ್ (ಒಣಗಾಳಿಗೆ ತೇವ ಸೇರಿಸುವ ಸಾಧನ) ಪ್ಯಾಡ್‌ಗೆ ಅಂಗಡಿಯ ಎರಡರಷ್ಟು ಬೆಲೆ ಹಾಕುತ್ತಾರೆ, ಅದನ್ನು ನೀವೇ ತಂದಿಟ್ಟುಕೊಳ್ಳಿ. ನಿಮ್ಮ ಊರಿನಲ್ಲಿ ಇಂಥವರು ಸಿಕ್ಕರೆ ಸೆಪ್ಟೆಂಬರ್‌ನಲ್ಲೇ ದಿನ ಬರೆಸಿ, ಮೊದಲ ಚಳಿ ಬಿದ್ದ ಮೇಲೆ ಫೋನ್ ಮಾಡಿದರೆ ಮೂರು ವಾರ ಕಾಯಿಸುತ್ತಾರೆ.